ಕೈತಪ್ಪಿ ಹೋದ ವಿಮಾನ

ಕೊಡೆ ಕಳೆದುಕೊಂಡವರು ಪೆಚ್ಚಾಗಿ ಮನೆಗೆ ಬರುತ್ತಾರೆ. ಕನ್ನಡಕ ಕಳೆದುಕೊಂಡವರು ಮನೆಯವರನ್ನೆಲ್ಲ ಬೈಯುತ್ತಾರೆ. ಬಸ್ಸಿನಲ್ಲಿ ಚೀಲ ಬಿಟ್ಟು ಇಳಿದವರಂತೂ ಮೂರು ದಿನ ಕಂಡಕಂಡವರಿಗೆಲ್ಲ ಅದರ ಬಣ್ಣ ವರ್ಣಿಸುತ್ತಾರೆ. ನಾನು ಕಳೆದ ಬೇಸಿಗೆಯಲ್ಲಿ ಒಂದು ವಿಮಾನವನ್ನೇ ಕಳೆದುಕೊಂಡೆ. ಅಂದಿನಿಂದ ಹೊನ್ನಾವರದ ಪೇಟೆಯಲ್ಲಿ ತುಸು ಎದೆಯುಬ್ಬಿಸಿಯೇ ಓಡಾಡುತ್ತಿದ್ದೇನೆ. ಇದು ಶೋಭೆಯಲ್ಲವೆಂದು ನನಗೂ ಗೊತ್ತು. ಆದರೆ ಅರುವತ್ತರ ಹತ್ತಿರ ಬಂದ ಮನುಷ್ಯನಿಗೆ ಎದೆಯುಬ್ಬಿಸಲು ಸಿಗುವ ಕಾರಣಗಳು ವರ್ಷಕ್ಕೆ ಒಂದೋ ಎರಡೋ. ಸಿಕ್ಕಿದ್ದನ್ನು ಬಿಡಬಾರದು.

ವಿಮಾನವೆಂದರೆ ಜನ ಹತ್ತುವ ವಿಮಾನವಲ್ಲ. ನಾಲ್ಕೂವರೆ ಅಡಿ ರೆಕ್ಕೆಯ, ಒಂದು ಕಿಲೋ ಕೂಡ ತೂಗದ, ಥರ್ಮಾಕೋಲು, ಬಿದಿರುಸೀಳು ಮತ್ತು ಅಂಟುಪಟ್ಟಿಗಳಿಂದ ನಾನೇ ಮಾಡಿದ, ರಿಮೋಟಿನಿಂದ ಹಾರಿಸುವ ವಿಮಾನ. ಈ 'ನಾನೇ ಮಾಡಿದ' ಎಂಬ ಮಾತಿನ ಮೇಲೆ ನಾನು ಸ್ವಲ್ಪ ಒತ್ತು ಕೊಡುತ್ತೇನೆ. ಅದಕ್ಕೆ ಕಾರಣ ನನ್ನ ಬಲಗೈ.

ನಾನು ದಸ್ತಾವೇಜು ಬರೆಯುವವನು. ಹೊನ್ನಾವರದ ನೋಂದಣಿ ಕಚೇರಿಯ ಎದುರಿನ ಮಾಳಿಗೆಯಲ್ಲಿ ಮೂವತ್ತು ವರ್ಷದಿಂದ ಕೂತು ಕ್ರಯಪತ್ರ, ದಾನಪತ್ರ, ಪಾಲುಪಟ್ಟಿಗಳನ್ನು ಬರೆದಿದ್ದೇನೆ. ಒಂದು ಕಾಲದಲ್ಲಿ ನನ್ನ ಅಕ್ಷರಕ್ಕಾಗಿಯೇ ಕುಮಟೆಯಿಂದ ಜನ ಬರುತ್ತಿದ್ದರು. ಛಾಪಾ ಕಾಗದದ ಮೇಲೆ ನಾನು ಬರೆದ 'ಶ್ರೀ'ಯನ್ನು ನೋಡಿ, ಇದನ್ನು ಕಟ್ಟುಹಾಕಿಸಿ ದೇವರ ಕೋಣೆಯಲ್ಲಿಡಬಹುದು ಎಂದವರಿದ್ದಾರೆ. ಆರೇಳು ವರ್ಷದ ಹಿಂದೆ ಆ ಶ್ರೀಯ ಬಾಲ ಸಣ್ಣಗೆ ಅದುರತೊಡಗಿತು. ಆಮೇಲೆ ತಲೆ ಅದುರಿತು. ಕಡೆಗೊಂದು ದಿನ ಹಳದೀಪುರದ ಒಬ್ಬ ಹಿರಿಯರು ನಾನು ಬರೆದ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಇದನ್ನು ಬಸ್ಸಿನಲ್ಲಿ ಕೂತು ಬರೆದದ್ದೋ ಎಂದು ಬಹಳ ವಿನಯದಿಂದ ಕೇಳಿದರು.

ಕುಮಟೆಯ ವೈದ್ಯರು ಪರೀಕ್ಷಿಸಿ, ಇದು ಬರೀ ನಡುಕ, ಜೀವಕ್ಕೆ ಅಪಾಯವಿಲ್ಲ, ಕಾಫಿ ಕಡಿಮೆ ಮಾಡಿ ಎಂದರು. ಜೀವಕ್ಕೆ ಅಪಾಯವಿಲ್ಲದ ಕಾಯಿಲೆಗೆ ಮನೆಯಲ್ಲಿ ಮರ್ಯಾದೆಯೂ ಇರುವುದಿಲ್ಲ, ಕಾಫಿ ಮಾತ್ರ ಹೋಗುತ್ತದೆ. ಯೋಚಿಸಿ ನೋಡಿ, ತೆಂಗಿನ ಗರಿ ನಡುಗಿದರೆ ಸೊಬಗು ಎನ್ನುತ್ತೇವೆ, ವೀಣೆಯ ತಂತಿ ನಡುಗಿದರೆ ನಾದ ಎನ್ನುತ್ತೇವೆ, ದೀಪದ ಕುಡಿ ನಡುಗಿದರೆ ಕೈಮುಗಿಯುತ್ತೇವೆ. ದಸ್ತಾವೇಜು ಬರೆಯುವವನ ಕೈ ನಡುಗಿದರೆ ಮಾತ್ರ ಪಕ್ಕದ ಅಂಗಡಿಗೆ ಹೋಗುತ್ತೇವೆ. ನಾನು ಕಂಪ್ಯೂಟರ್ ಕಲಿತೆ. ಅದರಲ್ಲೂ ನನ್ನ ಬೆರಳು ಒಂದು ಗುಂಡಿಯನ್ನು ಎರಡೆರಡು ಸಲ ಒತ್ತುತ್ತಿತ್ತು. ಊರಿನ ಹೆಸರಿನಲ್ಲಿ ಮೊದಲೇ ಇರುವ ಒತ್ತಕ್ಷರ ಸಾಲದೆಂಬಂತೆ ಇನ್ನೊಂದು ಸೇರಿಕೊಳ್ಳುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಯಾರಾದರೂ ಏನನ್ನಾದರೂ ಕೊಡುವಾಗ ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಇಡತೊಡಗಿದ್ದರು. ಚಹಾದ ಲೋಟವನ್ನು ಕೂಡ. ಅದು ದಯೆ. ದಯೆಯನ್ನು ಸಹಿಸುವುದು ಕಷ್ಟ.

ಇಂಥ ಹೊತ್ತಿನಲ್ಲಿ ಭಟ್ಕಳದ ಯೂಸುಫ್ ಸಾಹೇಬರು ನನ್ನ ಮಾಳಿಗೆ ಹತ್ತಿ ಬಂದರು. ದುಬೈಯ ಬಂದರಿನಲ್ಲಿ ಇಪ್ಪತ್ತೆಂಟು ವರ್ಷ ಕ್ರೇನು ನಡೆಸಿ ಊರಿಗೆ ಮರಳಿದವರು. ಹೊನ್ನಾವರದ ಕಡೆ ಇದ್ದ ಒಂದು ತುಂಡು ಜಾಗದ ಪಾಲುಪಟ್ಟಿ ಆಗಬೇಕಿತ್ತು. ನನ್ನ ಕೈ ನೋಡಿದರು, ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಕ್ರೇನಿನ ಕೊಕ್ಕೆ ಗಾಳಿಗೆ ಅಲ್ಲಾಡುತ್ತಲೇ ಇರುತ್ತದೆ, ಅಲ್ಲಾಟ ನಿಲ್ಲಲೆಂದು ಕಾದರೆ ಹಡಗು ಹೊರಟೇಹೋಗುತ್ತದೆ, ಅಲ್ಲಾಟದ ಲಯ ನೋಡಿಕೊಂಡೇ ಪೆಟ್ಟಿಗೆ ಇಳಿಸಬೇಕು ಎಂದರು. ಐದು ವರ್ಷದಲ್ಲಿ ನನ್ನ ಕೈಯ ಬಗ್ಗೆ ಯಾರಾದರೂ ಆಡಿದ ಮೊದಲ ಉಪಯುಕ್ತ ಮಾತು ಅದು.

ರಿಮೋಟು ವಿಮಾನದ ಹುಚ್ಚು ಅವರದು. ದುಬೈಯಲ್ಲಿ ರಜೆಯ ದಿನ ಮರಳಿನಲ್ಲಿ ಜನ ಹಾರಿಸುವುದನ್ನು ನೋಡಿದ್ದರಂತೆ. ಬರುವಾಗ ಒಂದು ರಿಮೋಟು, ಮೋಟಾರು, ಬ್ಯಾಟರಿ ತಂದಿದ್ದರು, ವಿಮಾನ ತಂದಿರಲಿಲ್ಲ. ವಿಮಾನ ಯಾರು ಮಾಡುತ್ತಾರೆ ಎಂದು ಕೇಳಿದೆ. "ಭಟ್ರೆ, ನೀವೇ" ಎಂದರು. ತಮಾಷೆ ಮಾಡುತ್ತಿದ್ದಾರೋ ಎಂದು ಮುಖ ನೋಡಿದೆ. ಮಾಡುತ್ತಿರಲಿಲ್ಲ.

ಒಂದು ಮಳೆಗಾಲ ಪೂರ್ತಿ ಆ ಕೆಲಸದಲ್ಲಿ ಕಳೆದೆ. ನನ್ನ ಹೆಂಡತಿ ಸಾವಿತ್ರಿ ಹಳೆಯ ಸೀರೆಯ ತುಂಡಿನಲ್ಲಿ ಮರಳು ತುಂಬಿ ಮಣಿಕಟ್ಟಿಗೆ ಕಟ್ಟುವ ಒಂದು ಚೀಲ ಹೊಲಿದುಕೊಟ್ಟಳು. ಭಾರವಿದ್ದರೆ ನಡುಕ ಕಡಿಮೆ ಎಂದು ವೈದ್ಯರು ಹೇಳಿದ್ದನ್ನು ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ. ಮೊಣಕೈಯನ್ನು ಮೇಜಿಗೆ ಊರಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಎರಡು ನಡುಕಗಳ ನಡುವೆ ಒಂದು ಸಣ್ಣ ಬಿಡುವು ಇರುತ್ತದೆ, ಆ ಬಿಡುವಿನಲ್ಲಿ ಬ್ಲೇಡು ಎಳೆಯುತ್ತಿದ್ದೆ. ಒಂದು ರೆಕ್ಕೆಯ ಅಂಚು ತಿದ್ದಲು ಎರಡು ವಾರ ಹಿಡಿಯಿತು. ಒಮ್ಮೆ ಬ್ಲೇಡು ಜಾರಿ ನಾಲ್ಕು ದಿನದ ಕೆಲಸ ಹಾಳಾದಾಗ ಇಡೀ ರೆಕ್ಕೆಯನ್ನು ಅಂಗಳಕ್ಕೆ ಎಸೆದೆ. ಸಾವಿತ್ರಿ ಅದನ್ನು ತಂದು ಒರೆಸಿ ಮತ್ತೆ ಮೇಜಿನ ಮೇಲಿಟ್ಟಳು. ಅಂದು ಸಂಜೆ ಅವಳು ಕಾಫಿ ಮಾಡಿಕೊಟ್ಟಳು ಎಂಬುದನ್ನು ವೈದ್ಯರಿಗೆ ತಿಳಿಸಬೇಡಿ.

ದೀಪಾವಳಿ ಮುಗಿದ ಮೇಲೆ ಹಾರಿಸಲು ಶುರುಮಾಡಿದೆವು. ಹೊನ್ನಾವರಕ್ಕೆ ಹತ್ತಿರದ ಕರ್ಕಿಯ ಕಡಲತೀರ, ಭಾನುವಾರ ಬೆಳಿಗ್ಗೆ. ಯೂಸುಫ್ ಸಾಹೇಬರು ಭಟ್ಕಳದಿಂದ ತಮ್ಮ ಹಳೆಯ ಮಾರುತಿ ವ್ಯಾನಿನಲ್ಲಿ ಬರುವರು. ಸಾವಿತ್ರಿ ಕಲಸಿದ ಅವಲಕ್ಕಿಯ ಡಬ್ಬಿಯೊಂದಿಗೆ ಬರುವಳು. ಅವಳಿಲ್ಲದೆ ವಿಮಾನ ಏಳುತ್ತಲೇ ಇರಲಿಲ್ಲ. ಮರಳಿನಲ್ಲಿ ಚಕ್ರ ಓಡುವುದಿಲ್ಲವಾದ್ದರಿಂದ ಅದನ್ನು ಕೈಯಿಂದಲೇ ಎಸೆದು ಗಾಳಿಗೆ ಬಿಡಬೇಕು. ನಾನು ಎಸೆದರೆ ಮೂಗು ನೆಲಕ್ಕೆ. ಯೂಸುಫರ ಭುಜಕ್ಕೆ ನೋವು. ಸಾವಿತ್ರಿ ಕಾಲೇಜಿನಲ್ಲಿ ಥ್ರೋಬಾಲ್ ಆಡಿದವಳು. ಸೆರಗು ಸಿಕ್ಕಿಸಿ ನಾಲ್ಕು ಹೆಜ್ಜೆ ಓಡಿ ಅವಳು ಎಸೆದಳೆಂದರೆ ವಿಮಾನಕ್ಕೆ ಹಾರದೆ ಬೇರೆ ದಾರಿಯೇ ಇರಲಿಲ್ಲ. ಮೀನಿನ ಬುಟ್ಟಿ ಹೊತ್ತು ಹೋಗುವ ಹೆಂಗಸರು ನಿಂತು ನೋಡುತ್ತಿದ್ದುದು ನನ್ನ ಕೌಶಲವನ್ನಲ್ಲ, ಅವಳ ಎಸೆತವನ್ನು.

ನನ್ನ ಕೌಶಲ ನೋಡುವಂಥದ್ದಾಗಿರಲೂ ಇಲ್ಲ. ರಿಮೋಟಿನ ಕಡ್ಡಿಗಳನ್ನು ಹಿಡಿದ ನನ್ನ ಬೆರಳು ನಡುಗಿದರೆ ಮೇಲೆ ಚುಕ್ಕಾಣಿ ನಡುಗುತ್ತಿತ್ತು, ಚುಕ್ಕಾಣಿ ನಡುಗಿದರೆ ವಿಮಾನ ಅದುರುತ್ತಿತ್ತು. ನನ್ನ ಕಾಯಿಲೆಯನ್ನು ಇನ್ನೂರು ಅಡಿ ಎತ್ತರದಲ್ಲಿ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಿದ ಹಾಗಾಗುತ್ತಿತ್ತು. ಯೂಸುಫ್ ಸಾಹೇಬರು ಹಾರಿಸಿದರೆ ಪರವಾಗಿರಲಿಲ್ಲ. ಆದರೂ ಅವರು ಎರಡು ನಿಮಿಷಕ್ಕೇ ರಿಮೋಟನ್ನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ಕೈಗೆ, ಮರಳಿನ ಮೇಲಲ್ಲ. ಮಾಡಿದವನೇ ಹಾರಿಸಬೇಕು ಎಂಬುದು ಅವರ ಕಾನೂನು.

ಕಾನೂನೆಂದಾಗ ನೆನಪಾಯಿತು. ನಮ್ಮ ದಸ್ತಾವೇಜುಗಳಲ್ಲಿ ಚಕ್ಕುಬಂದಿ ಎಂದು ಒಂದು ಭಾಗವಿರುತ್ತದೆ. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ಸರ್ಕಾರಿ ಗುಡ್ಡ. ನಾಲ್ಕೇ ದಿಕ್ಕು. ಮೇಲಕ್ಕೆ ಯಾರು ಎಂದು ಮೂವತ್ತು ವರ್ಷದಲ್ಲಿ ಒಬ್ಬರೂ ನನ್ನಿಂದ ಬರೆಸಿಲ್ಲ. ಒಂದು ಮೊಳ ಗಡಿಗಾಗಿ ಅಣ್ಣತಮ್ಮಂದಿರು ಮಾತುಬಿಟ್ಟದ್ದನ್ನು ಕಂಡವನು ನಾನು. ಹಾಗಾಗಿ ಕತ್ತೆತ್ತಿ ಆಕಾಶ ನೋಡುವುದೇ ನನಗೊಂದು ವಿಶ್ರಾಂತಿಯಾಗಿತ್ತು. ಯಾರದೂ ಅಲ್ಲದ ಅಷ್ಟು ದೊಡ್ಡ ಜಾಗ ತಲೆಯ ಮೇಲೇ ಇದ್ದುದು ಐವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಗಮನಕ್ಕೆ ಬಂತು.

ಆ ಭಾನುವಾರ ಏಪ್ರಿಲ್ ತಿಂಗಳ ಒಂದು ನಿಶ್ಚಲ ಬೆಳಗು. ತೆರೆಗಳು ಕೂಡ ಸೋಮಾರಿಯಾಗಿದ್ದವು. ಸಾವಿತ್ರಿ ಎಸೆದಳು, ವಿಮಾನ ಏರಿತು, ನಾನು ನನ್ನ ಎಂದಿನ ಅದುರುವ ಸುತ್ತನ್ನು ಹೊಡೆಸಿ ಉತ್ತರಕ್ಕೆ ತಿರುಗಿಸಿದೆ. ಮತ್ತೆ ನಮ್ಮ ಕಡೆ ತಿರುಗಿಸಲು ಕಡ್ಡಿಯನ್ನು ಬಲಕ್ಕೆ ಒತ್ತಿದೆ. ವಿಮಾನ ತಿರುಗಲಿಲ್ಲ. ಇನ್ನಷ್ಟು ಒತ್ತಿದೆ. ಕೆಳಗೆ ನೋಡಿದರೆ ರಿಮೋಟಿನ ದೀಪ ಆರಿತ್ತು.

ಯೂಸುಫ್ ಸಾಹೇಬರು ಅದನ್ನು ಕಸಿದುಕೊಂಡು ತಟ್ಟಿದರು, ಹಿಂದಿನ ಮುಚ್ಚಳ ತೆಗೆದರು. ಸೆಲ್ ಹಿಡಿಯುವ ಸ್ಪ್ರಿಂಗು ಉಪ್ಪುಗಾಳಿಗೆ ತುಕ್ಕು ಹಿಡಿದು ಮುರಿದು ಕೈಗೇ ಬಂತು. ಬಾಗಿಲ ಚಿಲಕದಿಂದ ಬಸ್ಸಿನ ಮೈವರೆಗೆ ನಮ್ಮ ಕರಾವಳಿಯಲ್ಲಿ ತುಕ್ಕು ತಿನ್ನದ್ದು ಯಾವುದಿದೆ? ಇದೂ ಹೋಯಿತು. ಆದರೆ ತಪ್ಪು ಬರೀ ತುಕ್ಕಿನದಲ್ಲ, ಅದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ರಿಮೋಟಿನ ಸಂಕೇತ ಕಡಿದರೆ ಮೋಟಾರು ತಾನಾಗಿ ನಿಲ್ಲುವಂತೆ ಮೊದಲೇ ಹೊಂದಿಸಿಡಬಹುದಿತ್ತು. ಕೈಪಿಡಿಯ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಅದು ಬರೆದಿತ್ತು. ಹೊಂದಿಸದಿದ್ದರೆ ಕೊನೆಗೆ ಕೊಟ್ಟ ಅಪ್ಪಣೆಯನ್ನೇ ವಿಮಾನ ಪಾಲಿಸುತ್ತಾ ಹೋಗುತ್ತದಂತೆ. ಸಣ್ಣ ಅಕ್ಷರ ಓದದೆ ಸಹಿ ಹಾಕಬೇಡಿ ಎಂದು ಸಾವಿರಾರು ಜನರಿಗೆ ಬುದ್ಧಿ ಹೇಳಿದ ನಾನು ಆ ಪುಟವನ್ನು ಓದಿರಲಿಲ್ಲ.

ನನ್ನ ಕೊನೆಯ ಅಪ್ಪಣೆ ಉತ್ತರಕ್ಕೆ ನೇರವಾಗಿ ಹೋಗು ಎಂದಾಗಿತ್ತು. ಹೋಗುತ್ತಿತ್ತು. ಮೂವರೂ ಬಾಯಿಬಿಟ್ಟುಕೊಂಡು ನೋಡಿದೆವು. ಮೊದಲ ಸಲ ಅದು ಅದುರುತ್ತಿರಲಿಲ್ಲ. ರೆಕ್ಕೆ ಎರಡೂ ಸಮವಾಗಿ, ಮೂಗು ತುಸುವೇ ಮೇಲಾಗಿ, ತೀರದ ಗೆರೆಯ ಮೇಲೆಯೇ ಗೆರೆ ಎಳೆದಂತೆ ಸಾಗಿ ಒಂದು ಚುಕ್ಕೆಯಾಯಿತು. ಆಮೇಲೆ ಚುಕ್ಕೆಯೂ ಇರಲಿಲ್ಲ.

ಆಗ ನನಗೆ ಹೆಮ್ಮೆಯಾಗಲಿಲ್ಲ, ಭಯವಾಯಿತು. ಉತ್ತರಕ್ಕೆ ಹಳದೀಪುರ, ಧಾರೇಶ್ವರ, ಕುಮಟೆ. ನಡುವೆ ಹೆದ್ದಾರಿ, ಬಸ್ಸುಗಳು, ಬೈಕಿನ ಮುಂದೆ ಮಗು ಕೂರಿಸಿಕೊಂಡು ಹೋಗುವವರು. ಒಂದು ಕಿಲೋ ಭಾರವೆಂದು ಆವರೆಗೆ ಹಗುರವಾಗಿ ಹೇಳುತ್ತಿದ್ದೆ. ಅದು ಆ ವೇಗದಲ್ಲಿ ಯಾರದೋ ಮುಖಕ್ಕೆ ಬಂದು ಬಡಿಯುವುದನ್ನು ನೆನೆದಾಗ ಒಂದು ಕಿಲೋ ಎಷ್ಟು ಭಾರವೆಂದು ತಿಳಿಯಿತು. ಮೂವರೂ ವ್ಯಾನು ಹತ್ತಿದೆವು. ಬ್ಯಾಟರಿ ಇಪ್ಪತ್ತು ನಿಮಿಷ ಬರಬಹುದೆಂದು ಯೂಸುಫ್ ಸಾಹೇಬರು ಲೆಕ್ಕ ಹಾಕಿದರು. ಆಮೇಲೆ ಸದ್ದಿಲ್ಲದೆ ತುಟಿಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಾ ಓಡಿಸಿದರು. ಸಾವಿತ್ರಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಆಕಾಶ ನೋಡುತ್ತಿದ್ದಳು. ನನ್ನ ಬಲಗೈ ತೊಡೆಯ ಮೇಲೆ ಮೀನಿನಂತೆ ಮಿಡುಕುತ್ತಿತ್ತು. ಅವಳು ತಿರುಗಿ ನೋಡದೆಯೇ ಅದರ ಮೇಲೆ ತನ್ನ ಕೈಯಿಟ್ಟಳು.

ಹಳದೀಪುರದ ಬಯಲಿನಲ್ಲಿ ಕ್ರಿಕೆಟ್ ಆಡುವವರು ಆಟ ನಿಲ್ಲಿಸಿ ಇನ್ನೂ ಮೇಲೆಯೇ ನೋಡುತ್ತಿದ್ದರು. ಕೇಳಿದ್ದಕ್ಕೆ ಎಲ್ಲರೂ ಒಟ್ಟಿಗೆ ಉತ್ತರಕ್ಕೆ ಕೈ ತೋರಿಸಿದರು. ಯಾರು ಬಿಡುತ್ತಿರುವುದು, ಬಹಳ ಚೆಂದ ಬಿಡುತ್ತಾರೆ ಎಂದು ಅವರಲ್ಲೊಬ್ಬ ಹೇಳಿದ. ಯಾರೂ ಬಿಡುತ್ತಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಧಾರೇಶ್ವರದಲ್ಲಿ ಯಾರೂ ಕಂಡಿರಲಿಲ್ಲ, ಅಲ್ಲಿಂದ ಮುಂದೆ ರಸ್ತೆಯ ಬದಿಯಲ್ಲಿ ಎಲ್ಲಾದರೂ ಜನ ಗುಂಪುಗೂಡಿದ್ದಾರೋ ಎಂದು ನೋಡತೊಡಗಿದೆ. ಕುಮಟೆ ಇನ್ನೇನು ಬಂತೆನ್ನುವಾಗ ಹೆದ್ದಾರಿಯ ಪಕ್ಕ ಸಿಹಿ ಈರುಳ್ಳಿಯ ಜಡೆಗಳನ್ನು ತೂಗುಹಾಕಿ ಮಾರುತ್ತಿದ್ದ ಹಾಲಕ್ಕಿ ಸಮುದಾಯದ ಹೆಂಗಸೊಬ್ಬಳಿದ್ದಳು. ಕುತ್ತಿಗೆ ತುಂಬ ಮಣಿಸರ ಹಾಕಿದ್ದ ವಯಸ್ಸಾದ ಅಜ್ಜಿ. ಸಾವಿತ್ರಿ ಇಳಿದು ಕೇಳಿದಳು.

"ಕಂಡೆ ತಂಗಿ" ಎಂದಳು ಅಜ್ಜಿ. "ರೆಕ್ಕೆ ಬಡೀದೇ ಹೋತು. ಗರುಡ ಅಂದ್ಕಂಡೆ. ಗರುಡ ಆದ್ರೆ ಒಂದ್ಸಲ ಆದ್ರೂ ಕೆಳಗೆ ನೋಡ್ತಿತ್ತು. ಇದು ನೋಡ್ಲೇ ಇಲ್ಲ." ಕಡಲ ಕಡೆಗೆ ವಾಲಿತು ಎಂದೂ ಹೇಳಿದಳು.

ಕಡಲ ಕಡೆ ಎಂಬ ಮಾತಿಗೆ ನನಗೆ ಉಸಿರು ಮರಳಿತು. ಕುಮಟೆಯ ತೀರಕ್ಕೆ ಹೋದಾಗ ಅಲ್ಲಿ ದೋಣಿಯ ನೆರಳಿನಲ್ಲಿ ಮೂವರು ಬಲೆ ಸರಿಮಾಡುತ್ತಾ ಕೂತಿದ್ದರು. ನಾವು ಕೇಳುವ ಮೊದಲೇ ಅವರಲ್ಲಿ ಹಿರಿಯನಾದವನು ಎದ್ದು ನಿಂತು, ಅದರಲ್ಲಿ ಜನ ಇರಲಿಲ್ಲವಲ್ಲ ಎಂದು ಕೇಳಿದ. ಇರಲಿಲ್ಲ, ಆಟದ್ದು ಎಂದೆ. ಅವನ ಮುಖ ಸಡಿಲವಾಯಿತು. ಅಷ್ಟು ಚಿಕ್ಕದರಲ್ಲಿ ಜನ ಕೂರುವುದಿಲ್ಲವೆಂದು ಅವನಿಗೂ ಗೊತ್ತಿರಲೇಬೇಕು. ಆದರೂ ಕಡಲಿಗೆ ಇಳಿದದ್ದರ ಬಗ್ಗೆ ಕಡಲಿನವರು ಮೊದಲು ಕೇಳುವ ಪ್ರಶ್ನೆ ಅದೇ.

ಬಿದ್ದದ್ದು ಎಲ್ಲಿ ಎಂದು ಯೂಸುಫ್ ಸಾಹೇಬರು ಕೇಳಿದರು.

"ಬಿದ್ದದ್ದಲ್ಲ ಅದು, ಇಳಿದದ್ದು" ಎಂದ ಅವನು. ಮೇಲೆ ಸದ್ದು ನಿಂತಾಗ ಈಗ ತಲೆಕೆಳಗಾಗುತ್ತದೆ ಎಂದು ಮೂವರೂ ಕಾದರಂತೆ. ಆಗಲಿಲ್ಲವಂತೆ. ಸದ್ದಿಲ್ಲದೆಯೇ ತೇಲುತ್ತಾ, ತಗ್ಗುತ್ತಾ, ಬಹಳ ದೂರದವರೆಗೆ ಹೋಗಿ ನೀರಿನ ಮೇಲೆ ಕಡಲಹಕ್ಕಿ ಕೂತ ಹಾಗೆ ಕೂತಿತಂತೆ. ಅವನು ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಆ ಇಳಿತವನ್ನು ಗಾಳಿಯಲ್ಲಿ ತೋರಿಸಿದ. ಹಗ್ಗ ಎಳೆದೆಳೆದು ಗಂಟುಗಟ್ಟಿದ ಕೈ ಅದು. "ನಾಲ್ಕು ತೆರೆ ತಡ್ಕಂಡಿತು. ಐದ್ನೇದಕ್ಕೆ ಹೋತು. ದೋಣಿ ನೀರಿಗೆ ತಳ್ಳೋದ್ರೊಳಗೆ ಕಾಣ್ಲಿಲ್ಲ" ಎಂದ. ಅವರು ದೋಣಿ ತಳ್ಳಿದ್ದರು ಎಂಬುದು ನನಗೆ ಆಗ ಗೊತ್ತಾಯಿತು. ಮೂವರ ಪಂಚೆಯೂ ಸೊಂಟದವರೆಗೆ ಒದ್ದೆಯಾಗಿತ್ತು. ಯಾರದೋ ಗೊತ್ತಿಲ್ಲದ ಆಟದ ಸಾಮಾನಿಗಾಗಿ.

ಯಾರು ಮಾಡಿದ್ದು ಎಂದು ಅವನು ಕೇಳಿದ. ಯೂಸುಫ್ ಸಾಹೇಬರು ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದರು. ಅವನು ನನ್ನ ಮುಖ ನೋಡಿದ, ಆಮೇಲೆ ನನ್ನ ನಡುಗುವ ಬಲಗೈ ನೋಡಿದ. ಆ ಕೈಯನ್ನು ಹಿಡಿದು ಒಮ್ಮೆ ಜಗ್ಗಿ ಕುಲುಕಿದ. ಅವನ ಹಿಡಿತಕ್ಕೆ ನಡುಕವೆಲ್ಲ ಎತ್ತಲೋ ಹೋಯಿತು, ನೋವು ಮಾತ್ರ ಸಂಜೆಯವರೆಗೆ ಇತ್ತು.

ಹೆಮ್ಮೆ ಬಂದದ್ದು ಆಗ. ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ. ಒಡೆಯ ಮನಸ್ಸಿನಲ್ಲಿ ನೆನೆದರೆ ಸಾಕು, ತಾನೇ ಹೋಗಬೇಕಾದಲ್ಲಿಗೆ ಹೋಗುವ ವಿಮಾನಗಳು ಪುರಾಣಗಳಲ್ಲಿವೆ. ನಾನು ಆ ಕಥೆಗಳನ್ನು ಕೇಳುವಾಗಲೆಲ್ಲ ಒಡೆಯನ ಮಹಿಮೆ ಎಂದುಕೊಳ್ಳುತ್ತಿದ್ದೆ. ಈಗ ಆ ವಿಮಾನ ಮಾಡಿದ ಬಡಗಿ ಯಾರೋ ಎಂದು ಯೋಚಿಸುತ್ತೇನೆ. ರೆಕ್ಕೆಯ ಒಂದು ಅಂಚು ಇನ್ನೊಂದಕ್ಕಿಂತ ಕೂದಲಷ್ಟು ದಪ್ಪವಿದ್ದರೂ ವಿಮಾನ ಸುತ್ತು ಹೊಡೆದು ಮಗುಚುತ್ತದೆ. ಕೈಪಿಡಿಯಲ್ಲಿ ಇದು ಮೊದಲ ಪುಟದಲ್ಲೇ ಇತ್ತು, ದೊಡ್ಡ ಅಕ್ಷರದಲ್ಲಿ, ಓದಿದ್ದೆ. ನನ್ನ ವಿಮಾನ ಯಾರ ಹಂಗೂ ಇಲ್ಲದೆ ಒಂದು ತಾಲೂಕಿನಿಂದ ಇನ್ನೊಂದು ತಾಲೂಕಿಗೆ ಹೋಗಿತ್ತು.

ಮರಳುವಾಗ ವ್ಯಾನಿನಲ್ಲಿ ನಾನು ಸುಮ್ಮನಿದ್ದುದನ್ನು ಕಂಡು ದುಃಖವೆಂದುಕೊಂಡಳೋ ಏನೋ, ಸಾವಿತ್ರಿ ಅವಲಕ್ಕಿಯ ಡಬ್ಬಿ ತೆರೆದಳು. ಆಮೇಲೆ ಡಬ್ಬಿಯ ಒಳಗೆ ನೋಡುತ್ತಲೇ ಹೇಳಿದಳು:

"ಕೈ ನಡಗ್ತು, ಕೈ ನಡಗ್ತು ಹೇಳಿ ನಿಂಗ್ಳೇ ಊರೆಲ್ಲ ಹೇಳ್ತಾ ತಿರಗ್ತಿ. ವಿಮಾನ ಎಲ್ಲಿ ನಡಗಿದ್ದು?"

ಅವಳು ಒಂದು ಹಿಡಿ ಅವಲಕ್ಕಿ ತೆಗೆದು, ನನ್ನ ತೊಡೆಯ ಮೇಲೆ ಕಾಗದ ಹರಡದೆ, ನೇರವಾಗಿ ನನ್ನ ಬಲಗೈಗೆ ಹಾಕಿದಳು. ಅರ್ಧ ವ್ಯಾನಿಗೆ ಚೆಲ್ಲಿತು. ಮೂವರೂ ನಕ್ಕೆವು.

ಈಗ ಎರಡನೆಯ ವಿಮಾನ ಮೇಜಿನ ಮೇಲಿದೆ. ಸ್ಪ್ರಿಂಗಿಗೆ ವ್ಯಾಸಲೀನು ಹಚ್ಚುತ್ತೇವೆ, ಕೈಪಿಡಿಯನ್ನು ಕೊನೆಯ ಪುಟದಿಂದ ಓದಲು ಶುರುಮಾಡಿದ್ದೇನೆ. ಕಚೇರಿಯ ಎದುರು ನನ್ನನ್ನು ವಿಮಾನದ ಭಟ್ರು ಎನ್ನುತ್ತಾರೆ. ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಮಾತನ್ನು ಗಾಳಿ, ರೆಕ್ಕೆ, ಹದ್ದು ಹೀಗೆ ಅತ್ತ ತಿರುಗಿಸಿ ಕೇಳುವಂತೆ ಮಾಡುತ್ತೇನೆ.

ಆದರೆ ಇದರ ಪ್ರಚಾರದ ಹೊಣೆ ನಿಜವಾಗಿ ಹೊತ್ತಿರುವವರು ಯೂಸುಫ್ ಸಾಹೇಬರು. ಹೋದ ತಿಂಗಳು ಭಟ್ಕಳಕ್ಕೆ ಹೋಗಿದ್ದೆ. ಅವರ ಪರಿಚಯದ ಚಹಾದಂಗಡಿಯಲ್ಲಿ ಕೂತಿದ್ದಾಗ ನಾಲ್ಕೈದು ಜನ ನನ್ನ ಸುತ್ತ ಕುರ್ಚಿ ಎಳೆದುಕೊಂಡರು. ಅವರಿಗೆ ತಲುಪಿದ ಕಥೆಯಲ್ಲಿ ವಿಮಾನದ ರೆಕ್ಕೆ ಎಂಟು ಅಡಿ, ಹೆದ್ದಾರಿಯ ಬಸ್ಸುಗಳು ಅದರ ವೇಗಕ್ಕೆ ಹಿಂದೆ ಬಿದ್ದಿದ್ದವು, ಅದು ಗೋಕರ್ಣದ ಓಂ ಬೀಚಿನ ಮೇಲೆ ಒಂದು ಸುತ್ತು ಹಾಕಿ, ಅಂಕೋಲೆ ದಾಟಿ ಕಾರವಾರ ಮುಟ್ಟಿತ್ತು. ನಾನು ಯೂಸುಫ್ ಸಾಹೇಬರ ಕಡೆ ನೋಡಿದೆ. ಅವರು ಚಹಾದಲ್ಲಿ ಏನೋ ಬಿದ್ದಿದೆಯೆಂಬಂತೆ ಲೋಟದೊಳಗೆ ನೋಡುತ್ತಿದ್ದರು.

"ಸಚ್ಚಿ, ಭಟ್ರೆ? ಕಾರವಾರದ ತನಕ?" ಎಂದು ಒಬ್ಬರು ಕೇಳಿದರು.

ನಾನು ಒಂದು ಗುಂಟೆಯ ಹದಿನಾರನೆಯ ಒಂದು ಪಾಲನ್ನೂ ತಪ್ಪಾಗಿ ಬರೆಯದವನು. ಸುಳ್ಳು ಅಳತೆ ಕೊಟ್ಟವರನ್ನು ಮಾಳಿಗೆಯಿಂದ ಇಳಿಸಿ ಕಳಿಸಿದವನು. ಕುಮಟೆಯ ತೀರದಲ್ಲಿ ಮೂವರು ಸಾಕ್ಷಿಗಳಿದ್ದಾರೆ, ಸತ್ಯ ಏನೆಂದು ನನಗೆ ಚೆನ್ನಾಗಿ ಗೊತ್ತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದೆ, ಸ್ವಲ್ಪ ಯೋಚಿಸಿದೆ.

"ಗಾಳಿ ಅನುಕೂಲ ಇತ್ತು" ಎಂದೆ.